ಹೆಸರು ಕರೆದಾಗ ಗೈರು

ದೊಡ್ಡಾಸ್ಪತ್ರೆ, ಕಿವಿ ವಿಭಾಗದ ಹೊರಗಿನ ಬೆಂಚು
ಹದಿನಾಲ್ಕನೆಯ ತಾರೀಖು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಗುಬ್ಬಿ,

ಹೇಗಿದ್ದೀಯಮ್ಮ? ಸುಸ್ತು ಕಡಿಮೆಯಾಯಿತೆ? ರಕ್ತ ಸಾಲದು ಎಂದು ಕೊಟ್ಟ ಮಾತ್ರೆಗಳನ್ನು ಮುಗಿಸಿದೆಯೋ, ಇಲ್ಲ ಚಿಕ್ಕವಳಿದ್ದಾಗ ಮಾಡುತ್ತಿದ್ದ ಹಾಗೆ ಹೂವಿನ ಕುಂಡದಲ್ಲಿ ಹೂತಿಟ್ಟು ಖಾಲಿ ಡಬ್ಬಿ ತೋರಿಸುತ್ತಿದ್ದೀಯೋ? ಅಳಿಯಂದಿರು ಕೆಲಸದ ಮೇಲೆ ಹೋದವರು ತಿಂಗಳ ಕೊನೆಗೇ ಬರುವುದು ಎಂದಿದ್ದೆ. ಒಬ್ಬಳಿಗೆ ಏನು ಅಡುಗೆ ಮಾಡುವುದು ಎಂದು ಬ್ರೆಡ್ಡು ತಿಂದು ಮಲಗಬೇಡ. ನಾನು ಗಟ್ಟಿಮುಟ್ಟಾಗಿದ್ದೇನೆ. ಮೆಟ್ಟಿಲು ಹತ್ತುವಾಗ ಮಾತ್ರ ಮಂಡಿ ತಾನೂ ಇದ್ದೇನೆಂದು ನೆನಪಿಸುತ್ತದೆ. ನಿನಗೆ ದಿನ ತುಂಬಬೇಕಾಗಿದ್ದದ್ದು ಇದೇ ತಿಂಗಳು ಎನ್ನುವುದು ನನಗೆ ಮರೆತಿಲ್ಲ. ಅದನ್ನು ಬರೆಯಬಾರದು ಎಂದುಕೊಂಡೇ ಪೆನ್ನು ಹಿಡಿದೆ, ಮೊದಲ ಪುಟದಲ್ಲೇ ಬರೆದುಬಿಟ್ಟೆ. ಬರೆಯದೆ ಇದ್ದಿದ್ದರೂ ಅಮ್ಮನ ಮನಸ್ಸಿನಲ್ಲಿ ಅದೇ ಇದೆ ಎಂದು ನಿನಗೆ ಗೊತ್ತಾಗುತ್ತಿತ್ತು.

ಫೋನಿರುವಾಗ ಕಾಗದ ಯಾಕೆ ಎನ್ನಬೇಡ. ಫೋನನ್ನು ನೀನು ಎತ್ತುತ್ತಿಲ್ಲ. ನಿನ್ನೆ ಇಡೀ ದಿನ ಮಾಡಿದೆ, ಅದು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಅಳಿಯಂದಿರಿಗೆ ಫೋನ್ ಮಾಡಿ ನಿನ್ನ ಮೇಲೆ ದೂರು ಹೇಳುವುದು ನನಗೆ ಸೇರುವುದಿಲ್ಲ. ಅಲ್ಲದೆ ಈಗೀಗ ತಪ್ಪು ತಿಳಿಯಬಾರದ ಮಾತನ್ನೆಲ್ಲ ನಿಮ್ಮಪ್ಪನಿಗೆ ಚೀಟಿಯಲ್ಲೇ ಬರೆದು ಬರೆದು ನನಗೆ ಬರೆಯುವ ಚಟ ಹತ್ತಿದೆ, ಎಲ್ಲಿಗೆ ಹೋದರೂ ಚೀಲದಲ್ಲಿ ಒಂದು ಪ್ಯಾಡು, ಒಂದು ಪೆನ್ನು ಇದ್ದೇ ಇರುತ್ತದೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತವಳಿಗೆ ಹೊತ್ತಿಗೇನು ಬರ. ಹಾಗಾಗಿ ಭಾನುವಾರ ನೀನು ಆಡಿದ ಮಾತಿಗೆ ಇಲ್ಲಿಂದಲೇ ಉತ್ತರ ಬರೆಯುತ್ತಿದ್ದೇನೆ, ಸಿಟ್ಟಿದ್ದರೆ ಇರಲಿ, ಪೂರ್ತಿ ಓದಿ ಆಮೇಲೆ ಸಿಟ್ಟು ಮಾಡು.

ಎಂದಿನ ಹಾಗೆ ಅಪ್ಪನ ಕೈಗೆ ಫೋನ್ ಕೊಡಲಾ ಎಂದು ನಾನು ಕೇಳಿದೆ. ನೀನು ಬೇಡ ಎಂದೆ. ಈ ಐದು ತಿಂಗಳಲ್ಲಿ ಎಷ್ಟೋ ಸಲ ಬೇಡ ಎಂದಿದ್ದೀಯ, ನೀನು ಸುಸ್ತಾಗಿದ್ದೀಯ, ಮನಸ್ಸು ಸರಿಯಿಲ್ಲ ಎಂದು ನಾನೂ ಕೆದಕಿರಲಿಲ್ಲ. ಭಾನುವಾರ ಯಾಕೋ ಬಿಡದೆ ಕೇಳಿದೆ. ಆಗ ಹೊರಗೆ ಬಂತು. ಮಗು ನಿಲ್ಲಲಿಲ್ಲ ಎಂದು ಡಾಕ್ಟರು ಹೇಳಿದ ಕೂಡಲೇ ನೀನು ಮೊದಲು ಫೋನ್ ಮಾಡಿದ್ದು ಮನೆಗೆ, ನಾನು ಮಾರ್ಕೆಟ್ಟಿಗೆ ಹೋಗಿದ್ದೆ, ಎತ್ತಿದವರು ಅಪ್ಪ. ನೀನು ಅಳುತ್ತ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅವರು 'ಹೂಂ ಕಣಮ್ಮ, ಒಳ್ಳೇದಾಯ್ತು, ಸಂತೋಷ, ಹೊತ್ತಿಗೆ ಸರಿಯಾಗಿ ಊಟ ಮಾಡು' ಎಂದು ಫೋನ್ ಇಟ್ಟರು. ಅವರಿಗೆ ಕಿವಿ ಕೇಳಿಸುವುದಿಲ್ಲ ಕಣೇ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ 'ಸುಳ್ಳು ಹೇಳಿ ಅಪ್ಪನನ್ನ ಕಾಪಾಡಬೇಡಮ್ಮ, ಅವರಿಗೆ ಬೇಕಾದ್ದೆಲ್ಲ ಕೇಳಿಸುತ್ತೆ' ಎಂದೆ. ಆ ಮಾತು ಈ ಮನೆಯ ಹಳೆಯ ತಮಾಷೆ. ಅದನ್ನು ಹೇಳಿಕೊಟ್ಟವಳು ನಾನೇ. ಅಷ್ಟರಲ್ಲಿ ನೀನು ಫೋನ್ ಇಟ್ಟುಬಿಟ್ಟೆ.

ಈಗ ನಾನು ಹೇಳುವುದನ್ನು ಕೇಳು. ನಿಮ್ಮಪ್ಪ ಎಷ್ಟು ವರ್ಷ ಪ್ರೆಸ್ಸಿನಲ್ಲಿ ಮೆಷಿನ್ ಓಡಿಸಿದರು ಎನ್ನುವುದು ನಿನಗೆ ಗೊತ್ತು. ಆ ಮೆಷಿನ್ ಹಾಲಿನಲ್ಲಿ ಪಕ್ಕದವನು ಕೂಗಿದರೂ ಕೇಳಿಸದು, ಅಲ್ಲಿಯವರೆಲ್ಲ ಮಾತಾಡುತ್ತಿದ್ದದ್ದು ತುಟಿಯಲ್ಲಿ ಮತ್ತು ಕೈಯಲ್ಲಿ. ನಾನು ಮದುವೆಯಾದ ಹೊಸದರಲ್ಲಿ ಊಟದ ಡಬ್ಬಿ ಕೊಡಲು ಹೋದಾಗ ಆ ಹಾಲಿನಲ್ಲಿ ಇಪ್ಪತ್ತು ಜನ ಗಂಡಸರು ಸದ್ದಿಲ್ಲದೆ ಹರಟೆ ಹೊಡೆದು ಹೊಟ್ಟೆ ಹಿಡಿದುಕೊಂಡು ನಗುವುದನ್ನು ನೋಡಿ, ಇವರಿಗೆಲ್ಲ ಏನೋ ಆಗಿದೆ ಎಂದು ಹೆದರಿದ್ದೆ. ಆ ವಿದ್ಯೆ ಅವರನ್ನು ಇನ್ನೂ ಬಿಟ್ಟಿಲ್ಲ. ನೀನು ಕಳೆದ ವರ್ಷ ಬಂದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಪಿಸುಗುಟ್ಟಿದ್ದಕ್ಕೆ ಅವರು ಹಜಾರದಿಂದ ಉತ್ತರ ಕೊಟ್ಟರು, 'ನೋಡಮ್ಮ, ಕಿವುಡಂತೆ ಕಿವುಡ' ಎಂದು ನೀನು ನಕ್ಕೆ. ಅವರು ನಿನ್ನ ಮುಖ ನೋಡುತ್ತಿದ್ದರು, ಗುಬ್ಬಿ. ಎದುರು ಮನೆಯ ಗಂಡ ಹೆಂಡತಿ ಕಿಟಕಿಯಾಚೆ ಏನು ಜಗಳವಾಡುತ್ತಾರೆ ಎನ್ನುವುದನ್ನೂ ಅವರು ಪೇಪರು ಓದಿದ ಹಾಗೆ ಓದಿ ನನಗೆ ವರದಿ ಕೊಡುತ್ತಾರೆ. ಬೆನ್ನ ಹಿಂದೆ ನಿಂತು ತಟ್ಟೆ ಬೀಳಿಸಿದರೆ ತಿರುಗಿಯೂ ನೋಡುವುದಿಲ್ಲ.

ಫೋನಿನಲ್ಲಿ ಮುಖ ಎಲ್ಲಿಂದ ಬರಬೇಕು? ನಮ್ಮದು ಗುಂಡಿ ಒತ್ತುವ ಫೋನು. ಮೇಜಿನ ಮೇಲೆ ನಡುಗುವುದು ಕಂಡರೆ ಎತ್ತುತ್ತಾರೆ, ನಿನ್ನ ಹೆಸರು ಕಂಡರೆ ಮುಖ ಅರಳುತ್ತದೆ. ಆಮೇಲೆ ಅವರು ಆಡುವ ಮಾತನ್ನು ಒಂದು ಸಲ ನೆನಪು ಮಾಡಿಕೊಂಡು ನೋಡು. ನಿನಗೆ ಕೆಲಸ ಸಿಕ್ಕಿತು ಎಂದು ಫೋನ್ ಮಾಡಿದಾಗ ಏನಂದರು? ಮನೆ ಬದಲಾಯಿಸಿದೆವು ಎಂದಾಗ? ಬಸುರಿ ಎಂದು ಹೇಳಿದಾಗ? ಹೂಂ ಕಣಮ್ಮ, ಒಳ್ಳೇದಾಯ್ತು, ಸಂತೋಷ, ಹೊತ್ತಿಗೆ ಸರಿಯಾಗಿ ಊಟ ಮಾಡು. ಎಲ್ಲಕ್ಕೂ ಅಷ್ಟೇ, ಅದೇ ಸಾಲಿನಲ್ಲಿ. ಇಷ್ಟು ವರ್ಷ ನಿನ್ನ ಫೋನಿನಲ್ಲಿ ಬಂದದ್ದೆಲ್ಲ ಒಳ್ಳೆಯ ಸುದ್ದಿಯೇ ಆದದ್ದರಿಂದ ಆ ನಾಟಕ ನಡೆದುಹೋಯಿತು. ನೀನು ಫೋನ್ ಮಾಡಿ ಹೇಳಿದ ಒಂದೇ ಒಂದು ಕೆಟ್ಟ ಸುದ್ದಿಗೆ ಅದು ಮುರಿದು ಬಿತ್ತು, ಬಿದ್ದದ್ದು ನಿನ್ನ ಮೇಲೆ.

ಅವತ್ತು ಸಂಜೆ ಅಳಿಯಂದಿರು ನನಗೆ ಫೋನ್ ಮಾಡಿ ಹೇಳಿದರು. ನಾನು ಚೀಟಿಯಲ್ಲಿ ಬರೆದು ಇವರಿಗೆ ತೋರಿಸಿದೆ. ಓದಿದರು, ಯಾವಾಗ ಎಂದು ಕೇಳಿದರು, ಬೆಳಿಗ್ಗೆ ಎಂದು ಬರೆದೆ. ಎದ್ದು ಹಿತ್ತಿಲಿಗೆ ಹೋದವರು ಬಹಳ ಹೊತ್ತು ಒಳಗೆ ಬರಲಿಲ್ಲ. ಮರುದಿನ ನಾನು ನಿನ್ನ ಹತ್ತಿರ ಹೊರಟಾಗ ಬಸ್ ಹತ್ತಿಸಿದರೇ ಹೊರತು ತಾವು ಬರಲಿಲ್ಲ. ಅಪ್ಪ ಯಾಕೆ ಬರಲಿಲ್ಲ ಎಂದು ನೀನು ಕೇಳಲಿಲ್ಲ, ಏನೋ ಗಂಡಸರು, ಇಂಥದಕ್ಕೆಲ್ಲ ಎದೆ ಸಾಲದು ಎಂದುಕೊಂಡು ನಾನೂ ಸುಮ್ಮನಾದೆ. ನಾನು ವಾಪಸು ಬಂದ ದಿನವೇ, ಎಷ್ಟು ವರ್ಷ ಗೋಗರೆದರೂ ಆಸ್ಪತ್ರೆಯ ಕಡೆ ತಲೆ ಹಾಕದಿದ್ದ ಮನುಷ್ಯ ತಾವಾಗಿಯೇ ಅಂಗಿ ಹಾಕಿಕೊಂಡು 'ನಡಿ, ಕಿವಿ ತೋರಿಸೋಣ' ಎಂದರು. ಸೂರ್ಯ ಯಾವ ಕಡೆ ಹುಟ್ಟಿದ ಎಂದು ನಾನು ತಮಾಷೆ ಮಾಡಿದ್ದೆ.

ಭಾನುವಾರ ನಿನ್ನ ಫೋನ್ ಕಟ್ಟಾದ ಮೇಲೆ, ನೀನು ಹೇಳಿದ್ದನ್ನೆಲ್ಲ ಬರೆದು ಅವರ ಮುಂದೆ ಇಟ್ಟೆ. ಓದಿ 'ಗೊತ್ತು' ಎಂದರು. ಅವತ್ತು ಹಿತ್ತಿಲಿನಲ್ಲಿ ನಿಂತಾಗಲೇ ಅವರಿಗೆ ತಿಳಿದುಹೋಗಿತ್ತು, ಬೆಳಿಗ್ಗೆ ಬಂದ ಫೋನು ಯಾವುದು, ತಾವು ಏನು ಹೇಳಿದೆವು ಎಂದು. ಯಾಕೆ ನನಗೆ ಹೇಳಲಿಲ್ಲ, ಹೇಳಿದ್ದರೆ ನಾನೇ ಅವಳಿಗೆ ವಿವರಿಸುತ್ತಿರಲಿಲ್ಲವೆ ಎಂದು ನಾನು ರೇಗಿ ಬರೆದೆ, ಪೆನ್ನಿನ ಮೊನೆ ಕಾಗದ ಹರಿಯುವಷ್ಟು. ಅದಕ್ಕೆ ಅವರು 'ಅವಳ ಮುಂದೆ ನಿಲ್ಲೋಕೆ ನನಗೆ ಮುಖ ಇಲ್ಲ. ಮೊದಲು ಕಿವಿ ಸರಿಮಾಡ್ಕೊಂಡು, ಅವಳು ಹೇಳೋದನ್ನ ನೆಟ್ಟಗೆ ಕೇಳಿಸಿಕೊಂಡು, ಆಮೇಲೆ ಮಾತಾಡ್ತೀನಿ. ಕೇಳಿಸದ ಕಿವಿಗೆ ಅವಳ ಕೈಲಿ ಎರಡನೇ ಸಲ ಹೇಳಿಸಬಾರದು' ಎಂದರು. ಹಿಡಿದ ಹಠ ಬಿಡುವ ಜಾತಿಯಲ್ಲ, ನೀನೂ ಅವರ ಮಗಳೇ ತಾನೆ.

ಹಾಗಾದರೆ ಐದು ತಿಂಗಳಿಂದ ಕಿವಿ ಯಾಕೆ ಸರಿಯಾಗಲಿಲ್ಲ ಎಂದು ಕೇಳುತ್ತೀಯ. ಅಲ್ಲೇ ಇರುವುದು ಕಥೆ. ನಿಮ್ಮಪ್ಪನಿಗೆ ನಿಜವಾಗಿ ಕಿವಿ ಕೇಳಿಸುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನ್ನ ಹತ್ತಿರ ಇಲ್ಲ.

ಇಲ್ಲಿ ತಾರೀಖು ಕೊಡುವ ಕೌಂಟರಿಗೆ ಗಾಜು ಹಾಕಿದ್ದಾರೆ. ಮಾತು ಹೋಗಿ ಬರಲು ಗಾಜಿನಲ್ಲಿ ಒಂದು ತೂತು, ಅದು ನನ್ನ ಸೊಂಟದ ಎತ್ತರಕ್ಕೆ. ಒಳಗಿನ ಹುಡುಗಿಯ ಮಾತು ಕೇಳಿಸಬೇಕಾದರೆ ಬಗ್ಗಬೇಕು, ಮುಖ ಕಾಣಬೇಕಾದರೆ ನೆಟ್ಟಗೆ ನಿಲ್ಲಬೇಕು. ನಿಮ್ಮಪ್ಪ ನೆಟ್ಟಗೆ ನಿಲ್ಲುತ್ತಾರೆ, ನಾನು ಬಗ್ಗುತ್ತೇನೆ, ಇಬ್ಬರೂ ಸೇರಿ ಒಬ್ಬ ರೋಗಿ ಎನ್ನಬಹುದು. ಹುಡುಗಿ ಪಾಪ ಒಳ್ಳೆಯವಳು. ಒಂದು ಚೀಟಿ ಕೊಡುತ್ತಾಳೆ, ಅದರಲ್ಲಿ ತಾರೀಖು ಬೇರೆಬೇರೆ, ಹೊತ್ತು ಮಾತ್ರ ಎಲ್ಲರಿಗೂ ಬೆಳಿಗ್ಗೆ ಎಂಟೂವರೆ. ಎಲ್ಲರಿಗೂ ಒಂದೇ ಹೊತ್ತು ಯಾಕಮ್ಮ ಎಂದರೆ 'ಯಾರು ಬರ್ತಾರೋ ಯಾರು ಬಿಡ್ತಾರೋ ಆಂಟಿ, ಎಲ್ರೂ ಬಂದು ಕೂತುಬಿಟ್ರೆ ನಮಗೂ ನಿಶ್ಚಿಂತೆ' ಎಂದಳು. ಕೂತವರ ನಿಶ್ಚಿಂತೆಯ ಬಗ್ಗೆ ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ.

ಮೊದಲ ತಾರೀಖಿಗೆ ಬಂದೆವು, ಡಾಕ್ಟರು ತರಬೇತಿಗೆ ಹೋಗಿದ್ದರು. ತರಬೇತಿ ಬೇಕಾದದ್ದೇ, ನಾನು ಬೇಡ ಎನ್ನುವುದಿಲ್ಲ, ಆದರೆ ಅದು ತಮಗೆ ಮೊದಲೇ ಗೊತ್ತಿತ್ತು ಎಂದು ಹುಡುಗಿ ತಾನಾಗಿ ಒಪ್ಪಿಕೊಂಡಾಗ ಮೈ ಉರಿಯಿತು. ಮುಂದಿನ ತಾರೀಖಿಗೆ ಬಂದಾಗ ಇವರನ್ನು ಒಳಗಿನ ಹಾಲಿಗೆ ಬಿಟ್ಟರು. ಅಲ್ಲಿನ ನಿಯಮ ಏನೆಂದರೆ ರೋಗಿಗಳು ಮಾತ್ರ ಒಳಗೆ, ಜೊತೆಗೆ ಬಂದವರು ಹೊರಗೆ. ಅಂದರೆ ಕಿವಿ ಕೇಳಿಸದವರೆಲ್ಲ ಒಳಗೆ, ಕೇಳಿಸುವವರೆಲ್ಲ ನನ್ನ ಹಾಗೆ ಈ ಬೆಂಚಿನ ಮೇಲೆ, ನಡುವೆ ಗಾಜು ಹಾಕಿದ ಬಾಗಿಲು. ಒಳಗೆ ಪರೀಕ್ಷೆ ಮಾಡುವ ಕೋಣೆಯ ಮುಂದೆ ಒಬ್ಬ ಅಟೆಂಡರು ನಿಂತು, ಮೂಗು ಬಾಯಿಗೆ ಮಾಸ್ಕ್ ಹಾಕಿಕೊಂಡು, ಒಬ್ಬೊಬ್ಬರ ಹೆಸರನ್ನು ಕೂಗುತ್ತಾನೆ. ಮೂರು ಸಲ ಕೂಗಿ ಯಾರೂ ಏಳದಿದ್ದರೆ ಚೀಟಿಯ ಮೇಲೆ ಗೈರು ಎಂದು ಬರೆದು ತಟ್ಟೆಗೆ ಹಾಕುತ್ತಾನೆ. ನಿನಗೆ ಈಗ ನಗು ಬಂದಿರಬೇಕು, ನಗು, ನನಗೆ ಆ ದಿನ ಅಳು ಬಂದಿತ್ತು.

ನಿಮ್ಮಪ್ಪ ಬೆಳಿಗ್ಗೆಯಿಂದ ಕೂತರು. ಮಾಸ್ಕಿನ ಹಿಂದೆ ತುಟಿ ಕಾಣಿಸದು, ಕಾಣಿಸದ ತುಟಿಯನ್ನು ಓದುವ ವಿದ್ಯೆ ಯಾವ ಪ್ರೆಸ್ಸಿನಲ್ಲೂ ಕಲಿಸುವುದಿಲ್ಲ. ಮಧ್ಯಾಹ್ನ ಒಳಗಿನ ಕುರ್ಚಿಗಳೆಲ್ಲ ಖಾಲಿಯಾದ ಮೇಲೆ ಹೊರಗೆ ಬಂದು 'ಇವತ್ತು ನನ್ನ ಕರೀಲಿಲ್ಲ' ಎಂದರು. ಕೌಂಟರಿನಲ್ಲಿ ಕೇಳಿದರೆ ಕರೆದಿದ್ದಾರೆ, ಇವರು ಇರಲಿಲ್ಲ ಎನ್ನುವ ಉತ್ತರ. ಬೆಳಿಗ್ಗೆಯಿಂದ ಆ ಕುರ್ಚಿ ಬಿಟ್ಟು ಎದ್ದಿಲ್ಲವಲ್ಲಮ್ಮ ಎಂದೆ. 'ಗೈರು ಅಂತ ಬಂದಿದೆ ಆಂಟಿ, ನಾವದನ್ನ ತಿದ್ದೋ ಹಾಗಿಲ್ಲ' ಎಂದಳು. ಗೈರಾದವರಿಗೆ ಮರುದಿನ ಬಾ ಎನ್ನುವುದಿಲ್ಲ, ಹೊಸಬರ ಹಾಗೆ ಸಾಲಿನ ಬಾಲಕ್ಕೆ ಸೇರಿಸಿ ಮುಂದಿನ ತಾರೀಖು ಕೊಡುತ್ತಾರೆ. ನಮ್ಮ ಜೊತೆ ಬಂದವರಲ್ಲಿ ಅಲ್ಪಸ್ವಲ್ಪ ಕೇಳಿಸುವವರೆಲ್ಲ ಪರೀಕ್ಷೆ ಮುಗಿಸಿಕೊಂಡು ಹೋದರು. ನಿಜವಾಗಿ ಕೇಳಿಸದವರೆಲ್ಲ ಪ್ರತಿ ಸಲವೂ ಇದೇ ಬೆಂಚಿನ ಸುತ್ತ ಸಿಗುತ್ತಾರೆ, ಈಗ ನೆಂಟರ ಹಾಗೆ ಆಗಿದ್ದೇವೆ.

ಆಮೇಲಿನ ತಾರೀಖಿಗೆ ಪರೀಕ್ಷೆಯ ಮೆಷಿನ್ನೇ ರಿಪೇರಿಗೆ ಹೋಗಿತ್ತು, ಅದನ್ನು ಯಾರೂ ನಮಗೆ ಊಟದ ಹೊತ್ತಿನವರೆಗೆ ಹೇಳಲಿಲ್ಲ. ಅದರ ನಂತರದ್ದಕ್ಕೆ ನಾನು ಜಾಣತನ ಮಾಡಿದೆ. ಅಟೆಂಡರನ್ನು ಬೆಳಿಗ್ಗೆಯೇ ಹಿಡಿದು, ಇವರಿಗೆ ಕೇಳಿಸುವುದಿಲ್ಲ ಕಣಪ್ಪ, ಸರದಿ ಬಂದಾಗ ಒಂದು ಸಲ ಭುಜ ಮುಟ್ಟಿ ಹೇಳು ಎಂದೆ. ಅವನು ಮಾಸ್ಕ್ ಕೆಳಗೆ ಎಳೆದು, ದಿನಾ ಕೂಗಿ ಕೂಗಿ ಒರಟಾದ ಗಂಟಲಿನಲ್ಲಿ 'ಇಲ್ಲಿರೋರಿಗೆ ಯಾರಿಗಮ್ಮ ಕೇಳಿಸುತ್ತೆ? ಎಲ್ಲರ ಮನೆಯವರೂ ಇದೇ ಹೇಳ್ತಾರೆ. ನಾನು ಕೂಗಲೋ, ಒಬ್ಬೊಬ್ಬರನ್ನೇ ಮುಟ್ಟಿಕೊಂಡು ತಿರುಗಲೋ?' ಎಂದ. ಆದರೂ ನೆನಪಿಟ್ಟುಕೊಳ್ಳುತ್ತೇನೆ ಎಂದು ತಲೆಯಾಡಿಸಿದ. ಹತ್ತು ಗಂಟೆಗೆ ಅವನ ಬದಲು ಇನ್ನೊಬ್ಬ ಬಂದ, ನೆನಪು ಮೊದಲನೆಯವನ ಜೊತೆ ಮನೆಗೆ ಹೋಯಿತು. ಮತ್ತೆ ಗೈರು.

ಅವತ್ತು ನನಗೆ ರೇಗಿದ್ದು ನೋಡಿದ್ದರೆ ನೀನು ನನ್ನ ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದೆ. ಮೇಲಿನ ಸಾಹೇಬರನ್ನು ನೋಡಲೇಬೇಕು ಎಂದು ಕೂತೆ. ಅವರನ್ನು ನೋಡಲೂ ತಾರೀಖು ಬೇಕಂತೆ. ತಾರೀಖು ಸಿಗುತ್ತಿಲ್ಲ ಎಂದು ದೂರು ಹೇಳಲು ತಾರೀಖು ತೆಗೆದುಕೊಂಡೆ, ಅದೂ ಒಂದು ಸಲ ಮುಂದೆ ಹೋಯಿತು, ಯಾಕೆಂದರೆ ಸಾಹೇಬರು ರೋಗಿಗಳ ಅನುಕೂಲದ ಬಗ್ಗೆ ಮೀಟಿಂಗಿನಲ್ಲಿದ್ದರು. ಕೊನೆಗೆ ಸಿಕ್ಕಾಗ ಬಹಳ ಮರ್ಯಾದೆಯಿಂದ ಕೂರಿಸಿ ಕೇಳಿಸಿಕೊಂಡರು. ನಾನು ಹೇಳುತ್ತ ಹೋದ ಹಾಗೆ 'ನಿಜ, ನಿಜ' ಎಂದರು, 'ಏನಾದರೂ ಮಾಡಲೇಬೇಕು' ಎಂದರು. ಹೊರಗೆ ಬರುವಾಗ ನನಗೆ ಅರ್ಧ ಕೆಲಸ ಆದ ಹಾಗೆ ಅನ್ನಿಸಿತ್ತು. ಮುಂದಿನ ಸಲ ಬಂದಾಗ ಒಳಗಿನ ಹಾಲಿನ ಗೋಡೆಗೆ ಹೊಸ ಬೋರ್ಡು ಬಿದ್ದಿತ್ತು. 'ಹೆಸರು ಕರೆದಾಗ ದಯವಿಟ್ಟು ಗಮನವಿಟ್ಟು ಕೇಳಿ' ಎಂದು. ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದರೆ ನಿಮ್ಮಪ್ಪ ಗಾಜಿನ ಮೂಲಕ ಅದನ್ನೇ ನೋಡುತ್ತ 'ಅಕ್ಷರ ಚೆನ್ನಾಗಿ ಕೂತಿದೆ' ಎಂದು ಮೆಚ್ಚಿಕೊಂಡರು. ಎಂಥವರ ಜೊತೆ ಸಂಸಾರ ಮಾಡಿದ್ದೇನೆ ನೋಡು. ಆ ದಿನ ಹಾಲಿನಲ್ಲಿ ಕೂರುವ ಮೊದಲೇ ಕರೆಂಟು ಹೋಗಿ ಎಲ್ಲರಿಗೂ ಈ ಮಂಗಳವಾರದ ತಾರೀಖು ಕೊಟ್ಟು ಕಳಿಸಿದರು.

ಇವತ್ತಿನದು ಕೇಳು. ಮನೆಯಲ್ಲೇ ಒಂದು ಉಪಾಯ ಮಾಡಿಕೊಂಡು ಬಂದಿದ್ದೆವು. ಪ್ರೆಸ್ಸಿನಲ್ಲಿ ನಿನ್ನ ಸರದಿ ಬಂತು ಎನ್ನುವುದಕ್ಕೆ ಅಂಗೈ ಎತ್ತಿ ಎರಡು ಸಲ ಹೊರಳಿಸುತ್ತಿದ್ದರಂತೆ. ನಾನು ಈ ಬೆಂಚಿನ ತುದಿಯಲ್ಲಿ ಕೂತು ಕಿವಿ ನಿಮಿರಿಸಿಕೊಂಡಿರುವುದು, ಅವರ ಹೆಸರು ಕೂಗಿದ್ದು ಕೇಳಿಸಿದ ಕೂಡಲೇ ಗಾಜಿನೊಳಗಿಂದ ಅಂಗೈ ಹೊರಳಿಸುವುದು, ಅವರು ನನ್ನ ಕಡೆ ಮುಖ ಮಾಡಿ ಕೂರುವುದು. ಎರಡು ದಿನ ಅಭ್ಯಾಸವೂ ಆಗಿತ್ತು. ಈ ವಯಸ್ಸಿನಲ್ಲಿ ಗಂಡ ಹೆಂಡತಿ ಎದುರುಬದುರು ಕೂತು ಕೈ ತಿರುಗಿಸುವುದನ್ನು ಎದುರು ಮನೆಯವರು ಕಿಟಕಿಯಿಂದ ನೋಡಿ ಏನಂದುಕೊಂಡರೋ, ನಿಮ್ಮಪ್ಪನನ್ನೇ ಕೇಳಬೇಕು, ಅವರು ಓದಿರುತ್ತಾರೆ.

ಆದರೆ ಕೂಗು ಕೇಳಿಸಲೇ ಇಲ್ಲ. ಎಂಟೂವರೆ ದಾಟಿ ಬಹಳ ಹೊತ್ತಾದರೂ ಒಳಗೆ ಸದ್ದಿಲ್ಲ. ಇವತ್ತೂ ಡಾಕ್ಟರಿಲ್ಲ ಎಂದು ತೀರ್ಮಾನಿಸಿ ಎದ್ದು ಗಾಜಿನಲ್ಲಿ ಇಣುಕಿದೆ. ಆ ಮೊದಲಿನ ಅಟೆಂಡರೇ ಇದ್ದಾನೆ, ಕುತ್ತಿಗೆಗೆ ಮಫ್ಲರು ಸುತ್ತಿಕೊಂಡಿದ್ದಾನೆ. ಗಂಟಲು ಪೂರ್ತಿ ಕಟ್ಟಿಹೋಗಿದೆಯಂತೆ, ಒಂದು ಪದವೂ ಹೊರಡುವುದಿಲ್ಲವಂತೆ. ರಜೆ ಕೇಳಿದರೆ ಬದಲಿ ಜನ ಇಲ್ಲ ಎಂದಿದ್ದಾರೆ. ಬೇರೆ ದಾರಿ ಕಾಣದೆ ಅವನು ಚೀಟಿಗಳನ್ನು ಹಿಡಿದುಕೊಂಡು, ಬಸ್ ಕಂಡಕ್ಟರಿನ ಹಾಗೆ, ಕುರ್ಚಿಯಿಂದ ಕುರ್ಚಿಗೆ ಹೋಗಿ ಎಲ್ಲರ ಚೀಟಿಗೂ ತನ್ನ ಚೀಟಿಗೂ ತಾಳೆ ನೋಡಿ, ಯಾರದ್ದೋ ಅವರ ಭುಜ ಮುಟ್ಟಿ ಒಳಗೆ ಕಳಿಸುತ್ತಿದ್ದಾನೆ. ತಟ್ಟೆ ಖಾಲಿ ಇದೆ, ಗುಬ್ಬಿ. ಇವತ್ತು ಒಬ್ಬರೂ ಗೈರಿಲ್ಲ. ಬೆಂಚಿನ ಮೇಲಿನ ನಾವೆಲ್ಲ ಆ ಹುಡುಗನ ಗಂಟಲು ಇನ್ನೊಂದು ತಿಂಗಳು ಸರಿಹೋಗದಿರಲಿ ಎಂದು ಮಾತಾಡಿಕೊಂಡೆವು, ಆಮೇಲೆ ಪಾಪ ಅನ್ನಿಸಿ ನಾನೇ ಫ್ಲಾಸ್ಕಿನಲ್ಲಿದ್ದ ಬಿಸಿನೀರನ್ನು ಅವನಿಗೆ ಕಳಿಸಿದೆ. ನಾಳೆ ಗಂಟಲು ಬಂದ ಮೇಲೆ ಮತ್ತೆ ಅದೇ ರಾಗ ಎನ್ನುವುದು ಎಲ್ಲರಿಗೂ ಗೊತ್ತು.

ಈಗ ತಾನೆ ಅವನು ನಿಮ್ಮಪ್ಪನ ಭುಜ ಮುಟ್ಟಿದ. ಅವರು ಎದ್ದು, ಅಂಗಿ ಎಳೆದುಕೊಂಡು, ಗಾಜಿನ ಕಡೆ ತಿರುಗಿ ನನಗೆ ಅಂಗೈ ಎರಡು ಸಲ ಹೊರಳಿಸಿ ತೋರಿಸಿದರು. ಶಾಲೆಗೆ ಸೇರಿಸಿದ ದಿನ ನೀನು ಬಾಗಿಲಲ್ಲಿ ನಿಂತು ನೋಡಿದ್ದೆಯಲ್ಲ, ಹಾಗೆ ನೋಡಿದರು. ನನ್ನ ಕಣ್ಣು ತುಂಬಿತು, ಅದಕ್ಕೇ ಈ ಸಾಲು ಓರೆಯಾಗಿದೆ.

ಇಷ್ಟೆಲ್ಲ ಬರೆದದ್ದು ನಿನ್ನ ನೋವು ಸುಳ್ಳು ಎನ್ನುವುದಕ್ಕಲ್ಲ. ಆ ಹೊತ್ತಿನಲ್ಲಿ ಆ ಮಾತು ಕೇಳಿದವಳು ನೀನು. ಹೇಳಿದವರಿಗೆ ಏನೂ ಕೇಳಿಸಿರಲಿಲ್ಲ ಎಂದ ಮಾತ್ರಕ್ಕೆ ಕೇಳಿದವಳಿಗೆ ಆದದ್ದು ಆಗಲಿಲ್ಲ ಎಂದಾಗುವುದಿಲ್ಲ. ಆದರೆ ಅಪ್ಪನಿಗೆ ನಿನ್ನ ಮೇಲೆ ಅಕ್ಕರೆ ಇಲ್ಲ ಎಂದು ಮಾತ್ರ ನಂಬಬೇಡ. ನೀನು ಅಂದುಕೊಂಡಿರುವ ಆ ಅಪ್ಪ ನಮ್ಮ ಮನೆಯಲ್ಲಿ ಇಲ್ಲವೇ ಇಲ್ಲ. ಪರೀಕ್ಷೆ ಆಯಿತು ಎಂದರೆ ಇನ್ನೇನು ಕಿವಿಗೆ ಹಾಕುವ ಮೆಷಿನ್ ಕೊಡುತ್ತಾರೆ. ಅದನ್ನು ಹಾಕಿಕೊಂಡ ದಿನ ಅವರೇ ನಿನಗೆ ಫೋನ್ ಮಾಡುತ್ತಾರೆ. ಅದೊಂದು ಫೋನನ್ನು ಮಾತ್ರ ಎತ್ತು, ನನ್ನದನ್ನು ಎತ್ತದಿದ್ದರೂ ಪರವಾಗಿಲ್ಲ.

ಅಳಿಯಂದಿರಿಗೆ ನನ್ನ ನೆನಪು ಹೇಳು. ಬೆಳಿಗ್ಗೆ ಸ್ವಲ್ಪ ಬಿಸಿಲಿನಲ್ಲಿ ಕೂರು. ಕೂದಲು ಒದ್ದೆಯಿರುವಾಗ ಫ್ಯಾನಿನ ಕೆಳಗೆ ಮಲಗಬೇಡ. ನೂರು ಕಾಲ ಸುಖವಾಗಿರು, ನನ್ನ ಕಂದ.

ನಿನ್ನ
ಅಮ್ಮ

ಮತ್ತೆ: ಕಾಗದ ಮಡಚಿದ್ದೆ, ಬಿಚ್ಚಿ ಬರೆಯುತ್ತಿದ್ದೇನೆ, ಆಸ್ಪತ್ರೆಯ ಬಾಗಿಲಲ್ಲಿರುವ ಪೋಸ್ಟಾಫೀಸು ಮುಚ್ಚುವುದರೊಳಗೆ ಹಾಕಬೇಕು. ಪರೀಕ್ಷೆ ಆಯಿತು. ಎರಡೂ ಕಿವಿ ಬಹಳ ಹಿಂದೆಯೇ ಹೋಗಿವೆಯಂತೆ, ಇಷ್ಟು ದಿನ ಹೇಗೆ ನಿಭಾಯಿಸಿದಿರಿ ಎಂದು ಡಾಕ್ಟರೇ ಕೇಳಿದರು. ಮೆಷಿನ್ ಸರಿಯಾಗಿ ಕೂರಲು ಮೊದಲು ಕಿವಿಯ ಅಳತೆಗೆ ಅಚ್ಚು ತೆಗೆದುಕೊಳ್ಳಬೇಕಂತೆ, ಆಮೇಲೆ ಮೆಷಿನ್. ಅಚ್ಚಿನ ತಾರೀಖಿಗೆ ಕೌಂಟರಿಗೆ ಹೋದೆವು. ಹುಡುಗಿ ಏನೇನೋ ಹುಡುಕಿ, ತನ್ನ ಮನೆಯವರಿಗೆ ಸಿಕ್ಕಷ್ಟು ಖುಷಿಯಿಂದ 'ಆಂಟಿ, ಯಾರೋ ಬಿಟ್ಟಿದ್ದಾರೆ, ಈ ಶನಿವಾರವೇ ಇದೆ' ಎಂದಳು. ನಾನು ಬಗ್ಗಿ ಕೈ ಚಾಚಿದ್ದೆ. ಅವಳು ಬರೆಯುತ್ತಿದ್ದ ಚೀಟಿಯನ್ನು ನಿಮ್ಮಪ್ಪ ಮೇಲಿನಿಂದ ತಲೆಕೆಳಗಾಗಿಯೇ ಓದಿಬಿಟ್ಟರು, ಪ್ರೆಸ್ಸಿನವರಿಗೆ ಅದೇನು ಮಹಾ. ಗಾಜಿನ ಮೇಲೆ ಕೈ ಇಟ್ಟು, ಕಾರಿಡಾರಿಗೆಲ್ಲ ಕೇಳಿಸುವ ಹಾಗೆ 'ಹದಿನೆಂಟು ಆಗಲ್ಲಮ್ಮ. ಅವತ್ತು ನನ್ನ ಮಗಳಿಗೆ ದಿನ ತುಂಬಬೇಕಾಗಿತ್ತು. ಮನೇಲಿ ಒಬ್ಬಳೇ ಇದ್ದಾಳೆ' ಎಂದರು. ನನಗೆ ತಿಂಗಳಷ್ಟೇ ನೆನಪಿತ್ತು, ಗುಬ್ಬಿ. ಅವರು ತಾರೀಖನ್ನೇ ಇಟ್ಟುಕೊಂಡಿದ್ದರು. ಇದನ್ನು ಬಿಟ್ಟರೆ ಮುಂದಿನದು ಯಾವಾಗ ಎಂದು ಹೇಳಲಾಗದು ಎಂದು ಹುಡುಗಿ ಹೇಳಿದಳು, ಪ್ಯಾಡಿನಲ್ಲಿ ಬರೆದು ತೋರಿಸಿದೆ, 'ಗೈರು ಅಂತ ಬರ್ಕೊಳ್ಳಿ' ಎಂದು ನಡೆದೇಬಿಟ್ಟರು. ಮುಖ ಇಲ್ಲ ಅಂದಿದ್ದಿರಲ್ಲ, ಕಿವಿ ಬರುವವರೆಗೆ ಕಾಯಬೇಕು ಅಂದಿದ್ದಿರಲ್ಲ ಎಂದು ಮೆಟ್ಟಿಲಲ್ಲಿ ನಿಲ್ಲಿಸಿ ಕೇಳಿದೆ. 'ಅವಳ ಎದುರಿಗೆ ಕೂತರೆ ಕೇಳಿಸುತ್ತೆ' ಎಂದರು.

ಶುಕ್ರವಾರ ಸಂಜೆಯ ಗಾಡಿಗೆ ಹೊರಡುತ್ತೇವೆ, ಶನಿವಾರ ಬೆಳಿಗ್ಗೆ ನಿನ್ನ ಬಾಗಿಲಲ್ಲಿರುತ್ತೇವೆ. ಈ ಕಾಗದ ಮೊದಲು ಬರುತ್ತದೋ ನಾವೋ ಗೊತ್ತಿಲ್ಲ. ಬಾಗಿಲು ತೆಗೆದಾಗ ಮಾತು ನನ್ನ ಹತ್ತಿರ ಶುರು ಮಾಡಬೇಡ. ಅಪ್ಪನನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಎದುರಿಗೆ ಕೂತು, ಅವತ್ತು ಹೇಳಿದ್ದನ್ನು ಮೊದಲಿಂದ ಹೇಳು. ಮೆಲ್ಲಗೆ ಹೇಳಿದರೂ ಸಾಕು.